ಪ್ರಯಾಣಕ್ಕೆ ಯಾವ ಗ್ಯಾಜೆಟ್? ಅತಿ ಕೆಟ್ಟ ಗಂಟೆಯನ್ನು ನೆನೆಸಿಕೊಂಡು ಆರಿಸಿ

ಹೊಸ ಗ್ಯಾಜೆಟ್ ಕಂಡರೆ ಕೈಕಟ್ಟಿ ಕೂರಲಾಗದವರ ಪೈಕಿ ನಾನು. ಎಲ್ಲಿಗಾದರೂ ಹೊರಟರೆ ನನ್ನ ಬ್ಯಾಗಿನಲ್ಲಿ ಬಟ್ಟೆಗಿಂತ ವೈರುಗಳೇ ಜಾಸ್ತಿ ಅಂತ ಮನೆಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ. ಇಷ್ಟು ವರ್ಷ ಹೊತ್ತು ತಿರುಗಿದ ಮೇಲೆ ನಾನು ವಸ್ತು ಆರಿಸುವ ರೀತಿಯೇ ಬದಲಾಗಿದೆ. ಮೊದಲೆಲ್ಲ ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು ಅಂತ ಪಟ್ಟಿ ಹಿಡಿದು ಕೂರುತ್ತಿದ್ದೆ. ಈಗ ಕೇಳಿಕೊಳ್ಳುವುದು ಒಂದೇ ಪ್ರಶ್ನೆ. ಈ ಪ್ರಯಾಣದಲ್ಲಿ ಅತಿ ಕೆಟ್ಟ ಗಂಟೆ ಹೇಗಿರುತ್ತದೆ? ನೆಟ್‌ವರ್ಕ್ ಸತ್ತಿದೆ, ಫೋನಿನಲ್ಲಿ 12 ಪರ್ಸೆಂಟ್ ಚಾರ್ಜ್ ಇದೆ, ಹಿಂದಿನ ಸೀಟಿನಲ್ಲಿ ಮಗು ಅಳುತ್ತಿದೆ, ಇನ್ನೂ ನಾಲ್ಕು ಗಂಟೆ ದಾರಿ ಇದೆ. ಆ ಹೊತ್ತಿನಲ್ಲಿ ಕೈಕೊಡದೇ ಇರುವುದು ಯಾವುದೋ ಅದನ್ನು ಆರಿಸುತ್ತೇನೆ.

ಇದನ್ನು ಅಳತೆಗೋಲು ಮಾಡಿಕೊಂಡರೆ ಅಂಗಡಿಯಲ್ಲಿ ಚೆನ್ನಾಗಿ ಕಾಣುವ ಎಷ್ಟೋ ವಸ್ತುಗಳು ಸುಮ್ನೆ ಬಿದ್ದುಹೋಗುತ್ತವೆ.

ಸಿನಿಮಾಕ್ಕೆ ಫೋನಾ, ಟ್ಯಾಬಾ?

ಎಲ್ಲರೂ ಹೇಳುವುದು ಟ್ಯಾಬ್ ಅಂತಲೇ. ದೊಡ್ಡ ಪರದೆ ಅಲ್ವಾ. ನಾನೂ ಹಾಗೇ ಅಂದುಕೊಂಡಿದ್ದೆ, ಒಂದು ದಿನ ಸ್ಕೇಲ್ ಹಿಡಿದು ಲೆಕ್ಕ ಹಾಕುವ ತನಕ.

ಈಗಿನ ಫೋನುಗಳ ಪರದೆ ಉದ್ದುದ್ದ, ಹೆಚ್ಚುಕಡಿಮೆ 20:9 ಆಕಾರ (ಅಡ್ಡ ಹಿಡಿದಾಗ ಅಗಲ 20 ಪಾಲಾದರೆ ಎತ್ತರ 9 ಪಾಲು). ಥಿಯೇಟರಿಗೆಂದು ತೆಗೆದ ಎಷ್ಟೋ ಸಿನಿಮಾಗಳು 2.39:1, ಅಂದರೆ ಅವೂ ಉದ್ದುದ್ದ. ಹಾಗಾಗಿ 6.7 ಇಂಚಿನ ಫೋನನ್ನು ಅಡ್ಡ ಹಿಡಿದರೆ ಅಂಥ ಸಿನಿಮಾ ಹೆಚ್ಚುಕಡಿಮೆ ಇಡೀ ಪರದೆ ತುಂಬುತ್ತದೆ. ಅಗಲ ಸುಮಾರು 15.5 ಸೆಂಟಿಮೀಟರ್. 16:10 ಆಕಾರದ 11 ಇಂಚಿನ ಟ್ಯಾಬಿನಲ್ಲಿ ಅದೇ ಸಿನಿಮಾದ ಅಗಲ 23.7 ಸೆಂಟಿಮೀಟರ್, ಮೇಲೆ ಕೆಳಗೆ ಕಪ್ಪು ಪಟ್ಟಿ. ಅದೇ 11 ಇಂಚು 4:3 ಆಕಾರದಲ್ಲಿದ್ದರೆ ಅಗಲ 22.4ಕ್ಕೆ ಇಳಿಯುತ್ತದೆ, ಕಪ್ಪು ಪಟ್ಟಿ ಇನ್ನೂ ದಪ್ಪ. ಐಪ್ಯಾಡ್‌ಗಳು ಈ 4:3ರ ಹತ್ತಿರದ ಆಕಾರದವು. ಓದೋಕೆ, ಬರೆಯೋಕೆ ಅದು ಒಳ್ಳೆಯದು. ಸಿನಿಮಾ ಮಾತ್ರ ನೋಡುತ್ತೀರಿ ಅಂದರೆ ಇಂಚಿನ ಲೆಕ್ಕಕ್ಕೆ ಮೋಸಹೋಗಬೇಡಿ, ಆಕಾರ ನೋಡಿ.

ಇಲ್ಲಿ ಇನ್ನೊಂದು ಸಂಗತಿ ಇದೆ. ಫೋನನ್ನು ನಾವು ಮುಖದಿಂದ ಸುಮಾರು 30 ಸೆಂಟಿಮೀಟರ್ ದೂರ ಹಿಡಿಯುತ್ತೇವೆ. ಟ್ಯಾಬನ್ನು ಸೀಟಿನ ಮುಂದಿನ ಟ್ರೇ ಮೇಲೆ ಇಟ್ಟರೆ ಅದು 45ರಿಂದ 50 ಸೆಂಟಿಮೀಟರ್ ದೂರ ಹೋಗುತ್ತದೆ. ಆ ದೂರದಲ್ಲಿ 23.7 ಸೆಂಟಿಮೀಟರ್ ಚಿತ್ರ ಕಣ್ಣಿಗೆ ಕಾಣುವುದೂ ಕೈಯಲ್ಲಿರುವ ಫೋನಿನ 15.5 ಸೆಂಟಿಮೀಟರ್ ಚಿತ್ರ ಕಾಣುವುದೂ ಹೆಚ್ಚುಕಡಿಮೆ ಒಂದೇ ಗಾತ್ರ! ಇದನ್ನು ಮೊದಲ ಸಲ ಲೆಕ್ಕ ಹಾಕಿದಾಗ ನನಗೇ ನಗು ಬಂತು, ಯಾಕೆಂದರೆ ಆ ಹೊತ್ತಿಗೆ ಟ್ಯಾಬ್ ಕೊಂಡಾಗಿತ್ತು.

ಹಾಗಾದರೆ ಟ್ಯಾಬ್ ದಂಡವಾ? ದಂಡ ಅಲ್ಲ. ಎರಡೂವರೆ ಗಂಟೆ ಫೋನನ್ನು ಕೈಯಲ್ಲಿ ಎತ್ತಿ ಹಿಡಿದುಕೊಂಡು ನೋಡಿ, ಗೊತ್ತಾಗುತ್ತದೆ. ಅಷ್ಟು ಹತ್ತಿರ ಅಷ್ಟು ಹೊತ್ತು ನೋಡಿದರೆ ಕಣ್ಣೂ ಸೋಲುತ್ತದೆ. ಇಬ್ಬರು ಸೇರಿ ನೋಡುವುದಾದರೆ ಟ್ಯಾಬೇ ಸರಿ. ನನ್ನ ತಂಗಿ ಜೊತೆಗಿದ್ದರೆ ಹತ್ತು ನಿಮಿಷಕ್ಕೆ "ಅಣ್ಣಾ, ನನಗೇನೂ ಕಾಣ್ತಿಲ್ಲ, ಈ ಕಡೆ ತಿರುಗಿಸು" ಅಂತ ಶುರು ಮಾಡುತ್ತಾಳೆ. ಎಲ್ಲಕ್ಕಿಂತ ಮುಖ್ಯ, ಸಿನಿಮಾ ಟ್ಯಾಬಿನಲ್ಲಿ ಓಡಿದರೆ ಫೋನಿನ ಚಾರ್ಜ್ ಉಳಿಯುತ್ತದೆ. ಟಿಕೆಟ್ಟು, ಮ್ಯಾಪು, ದುಡ್ಡು, ಕರೆ, ಎಲ್ಲಾ ಇರುವುದು ಫೋನಿನಲ್ಲೇ. ಇಳಿಯುವ ಹೊತ್ತಿಗೆ ಫೋನ್ ಸತ್ತಿದ್ದರೆ ನೋಡಿದ ಸಿನಿಮಾ ಎಷ್ಟು ಚೆನ್ನಾಗಿದ್ದರೂ ಪ್ರಯೋಜನ ಇಲ್ಲ. ಹಾಗಾಗಿ ನನ್ನ ಲೆಕ್ಕ ಇಷ್ಟು: ಮೂರು ಗಂಟೆಯೊಳಗಿನ ಪ್ರಯಾಣ, ಒಬ್ಬರೇ ಇದ್ದೀರಿ, ಹಾಗಿದ್ದರೆ ಫೋನ್ ಮತ್ತು ಅದನ್ನು ನಿಲ್ಲಿಸೋಕೆ ಒಂದು ಪುಟ್ಟ ಸ್ಟ್ಯಾಂಡ್ ಸಾಕು. ಅದಕ್ಕಿಂತ ಜಾಸ್ತಿ ಅಂದರೆ ಅರ್ಧ ಕಿಲೋ ಭಾರ ಹೊತ್ತರೂ ಪರವಾಗಿಲ್ಲ, ಟ್ಯಾಬ್ ತಗೊಳ್ಳಿ.

ಕಡಿಮೆ ಬೆಲೆಯ ಟ್ಯಾಬ್ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಆಂಡ್ರಾಯ್ಡ್‌ನಲ್ಲಿ ವೈಡ್‌ವೈನ್ ಅಂತ ಒಂದು ಬೀಗ ಇದೆ, ಕಳ್ಳ ನಕಲು ತಡೆಯೋಕೆ. ಅದರಲ್ಲಿ ಎಲ್1 ಮಟ್ಟ ಇದ್ದರೆ ಮಾತ್ರ ನೆಟ್‌ಫ್ಲಿಕ್ಸ್‌ನಂಥ ಆ್ಯಪ್‌ಗಳು ಎಚ್‌ಡಿ ಕೊಡುತ್ತವೆ. ಎಲ್3 ಮಾತ್ರ ಇದ್ದರೆ ಪರದೆ ಎಷ್ಟೇ ಚೆನ್ನಾಗಿದ್ದರೂ ಸಿಗುವುದು ಮಸುಕು ಮಸುಕು ಚಿತ್ರ. ಡಬ್ಬಿಯ ಮೇಲೆ ಇದನ್ನು ಯಾರೂ ದೊಡ್ಡದಾಗಿ ಬರೆಯುವುದಿಲ್ಲ. ಕೊಳ್ಳುವ ಮುಂಚೆ ಆ ಮಾಡೆಲ್ ಹೆಸರು ಹಾಕಿ ಹುಡುಕಿ ನೋಡಿ.

ಸ್ಟ್ರೀಮಿಂಗಾ, ಡೌನ್‌ಲೋಡಾ ಅನ್ನುವುದು ನನ್ನ ಮಟ್ಟಿಗೆ ಪ್ರಶ್ನೆಯೇ ಅಲ್ಲ. ನೆಟ್‌ಫ್ಲಿಕ್ಸ್ ಡೌನ್‌ಲೋಡ್ ಸೌಲಭ್ಯ ತಂದಿದ್ದು 2016ರ ನವೆಂಬರಿನಲ್ಲಿ. ಅದಕ್ಕೂ ಮುಂಚೆ ಬಫರ್ ಆಗುವ ಚಕ್ರ ನೋಡುತ್ತಾ ಕಳೆದ ಗಂಟೆಗಳು ನನಗೆ ಇನ್ನೂ ನೆನಪಿವೆ. ಎಚ್‌ಡಿ ಸ್ಟ್ರೀಮಿಂಗ್ ಅಂದರೆ ಗಂಟೆಗೆ 3 ಜಿಬಿ ತನಕ ಡೇಟಾ ತಿನ್ನಬಹುದು, ಚಲಿಸುವ ಗಾಡಿಯಲ್ಲಿ ಒಂದು ಟವರ್ ಬಿಟ್ಟು ಇನ್ನೊಂದಕ್ಕೆ ಜಿಗಿಯುವ ಫೋನ್ ಬ್ಯಾಟರಿಯನ್ನೂ ಜಾಸ್ತಿ ತಿನ್ನುತ್ತದೆ. ಮನೆಯ ವೈಫೈನಲ್ಲೇ ಇಳಿಸಿಕೊಳ್ಳಿ. ಆದರೆ ಇಳಿಸಿದ್ದಕ್ಕೂ ಅವಧಿ ಇರುತ್ತದೆ ಅನ್ನುವುದು ನೆನಪಿರಲಿ. ಕೆಲವು ಸಿನಿಮಾ ಒಮ್ಮೆ ಪ್ಲೇ ಒತ್ತಿದರೆ 48 ಗಂಟೆಯೊಳಗೆ ಮುಗಿಸಬೇಕು. ಸರಿಯಾಗಿ ಇಳಿದಿದೆಯಾ ನೋಡೋಣ ಅಂತ ನಾಲ್ಕು ದಿನ ಮೊದಲೇ ಒಂದು ನಿಮಿಷ ಓಡಿಸಿದಿರೋ, ಕೆಟ್ಟಿರಿ.

ಕಿವಿಯ ಮಾತು

ಒಂದೇ ಒಂದು ವಸ್ತುವಿಗೆ ಮನಸ್ಸು ಬಿಚ್ಚಿ ಖರ್ಚು ಮಾಡಬಹುದು ಅಂದರೆ ನಾನು ಹೆಡ್‌ಫೋನಿಗೆ ಮಾಡುತ್ತೇನೆ. ಪರದೆ ಚಿಕ್ಕದಾದರೆ ಸಹಿಸಬಹುದು. ಐದು ಗಂಟೆ ಎಂಜಿನ್ ಮೊರೆತ ಸಹಿಸೋದು ಕಷ್ಟ.

ನಾಯ್ಸ್ ಕ್ಯಾನ್ಸಲಿಂಗ್ ಹುಟ್ಟಿದ ಕಥೆಯೇ ಪ್ರಯಾಣದ್ದು. 1978ರಲ್ಲಿ ಬೋಸ್ ಸ್ಪೀಕರ್ ಕಂಪನಿ ಕಟ್ಟಿದ ಅಮರ್ ಬೋಸ್ ವಿಮಾನದಲ್ಲಿ ಕೂತು ಅಲ್ಲಿ ಕೊಟ್ಟ ಹೆಡ್‌ಫೋನಿನಲ್ಲಿ ಸಂಗೀತ ಕೇಳೋಕೆ ಹೋದರು. ಎಂಜಿನ್ ಸದ್ದಿನಲ್ಲಿ ಏನೂ ಕೇಳಲಿಲ್ಲ. ಆ ಸದ್ದನ್ನು ಅಳಿಸುವುದು ಹೇಗೆ ಅಂತ ಆ ಹಾರಾಟದಲ್ಲೇ ಲೆಕ್ಕ ಹಾಕೋಕೆ ಶುರು ಮಾಡಿದರು. ಅವರ ಕಂಪನಿಯ ಮೊದಲ ವಿಮಾನ ಹೆಡ್‌ಸೆಟ್ ಬಂದಿದ್ದು 1989ರಲ್ಲಿ, ಅದೂ ಪೈಲಟ್‌ಗಳಿಗೆ. ನಮ್ಮಂಥ ಪ್ರಯಾಣಿಕರ ಕೈಗೆ ಬರೋಕೆ 2000 ಇಸವಿ ಆಯಿತು.

ಕೆಲಸ ಮಾಡುವ ರೀತಿ ಸರಳ. ಹೊರಗಿನ ಸದ್ದನ್ನು ಮೈಕ್ ಕೇಳಿಸಿಕೊಳ್ಳುತ್ತದೆ, ಅದರ ತಲೆಕೆಳಗಾದ ಅಲೆಯನ್ನು ಸ್ಪೀಕರ್ ಬಿಡುತ್ತದೆ, ಎರಡೂ ಸೇರಿ ಒಂದನ್ನೊಂದು ಅಳಿಸುತ್ತವೆ. ಎಂಜಿನ್ನು, ಏಸಿ, ಗಾಳಿ ಇಂಥ ಒಂದೇ ಸಮನೆ ಮೊರೆಯುವ ತಗ್ಗು ಸದ್ದಿಗೆ ಇದು ಅದ್ಭುತ. ಅಳುವ ಮಗುವಿಗೆ? ಅಷ್ಟಕ್ಕಷ್ಟೇ. ಅಳು, ಮಾತು, ತಟ್ಟೆ ಲೋಟದ ಸದ್ದು ಎಲ್ಲಾ ಎತ್ತರದ ಸ್ವರದವು, ಕ್ಷಣ ಕ್ಷಣಕ್ಕೂ ಬದಲಾಗುವಂಥವು. ಅವನ್ನು ತಡೆಯುವುದು ಕಿವಿಯನ್ನು ಗಟ್ಟಿಯಾಗಿ ಮುಚ್ಚುವ ಮೆತ್ತೆ ಅಥವಾ ರಬ್ಬರ್ ಟಿಪ್. ಹಾಗಾಗಿ ಕೊಳ್ಳುವಾಗ ನಾಯ್ಸ್ ಕ್ಯಾನ್ಸಲಿಂಗ್ ಅಂಕಿ ನೋಡೋದರ ಜೊತೆಗೆ ನಿಮ್ಮ ಕಿವಿಗೆ ಅದು ಎಷ್ಟು ಬಿಗಿಯಾಗಿ ಕೂರುತ್ತದೆ ಅಂತಲೂ ನೋಡಿ. ಕನ್ನಡಕ ಹಾಕುವವರು ಕನ್ನಡಕ ಹಾಕಿಕೊಂಡೇ ನೋಡಬೇಕು, ಯಾಕೆಂದರೆ ಕನ್ನಡಕದ ಕಡ್ಡಿ ಮೆತ್ತೆಯನ್ನು ಎತ್ತಿ ಸಂದು ಮಾಡುತ್ತದೆ, ಆ ಸಂದಿನಲ್ಲಿ ಸದ್ದು ನುಗ್ಗುತ್ತದೆ.

ಕಿವಿ ಮುಚ್ಚುವ ದೊಡ್ಡ ಹೆಡ್‌ಫೋನಾ, ಒಳಗೆ ಕೂರುವ ಇಯರ್‌ಬಡ್ಡಾ? ದೊಡ್ಡದರಲ್ಲಿ ಒಂದು ಚಾರ್ಜಿಗೆ 20ರಿಂದ 30 ಗಂಟೆ ಆರಾಮಾಗಿ ಬರುತ್ತದೆ. ಬಡ್‌ಗಳಲ್ಲಿ ಸಾಮಾನ್ಯವಾಗಿ 5ರಿಂದ 8, ಆಮೇಲೆ ಡಬ್ಬಿಗೆ ಹಾಕಿ ಕಾಯಬೇಕು. ಕೆಟ್ಟ ಗಂಟೆಯ ಲೆಕ್ಕದಲ್ಲಿ ದೊಡ್ಡದೇ ಗೆಲ್ಲುತ್ತದೆ. ಆದರೆ ನಿದ್ದೆಗೆ ಬಡ್ ವಾಸಿ, ದೊಡ್ಡದನ್ನು ಹಾಕಿಕೊಂಡು ಕಿಟಕಿಗೆ ತಲೆ ಒರಗಿಸೋಕೆ ಆಗುವುದಿಲ್ಲ. ಸೆಕೆ ಇರುವ ಕಡೆ ದೊಡ್ಡದರೊಳಗೆ ಕಿವಿ ಬೆವರುತ್ತದೆ. ಮತ್ತೆ ಬಡ್ ಕೆಳಗೆ ಬಿದ್ದರೆ? ಸೀಟಿನ ಸಂದಿನೊಳಗೆ ಒಂದನ್ನು ಕಳೆದುಕೊಂಡವನು ನಾನು. ಉಳಿದ ಒಂಟಿ ಬಡ್ ಈಗಲೂ ಡ್ರಾಯರಿನಲ್ಲಿದೆ, ಎಸೆಯೋಕೆ ಮನಸ್ಸಿಲ್ಲ, ಇಟ್ಟುಕೊಂಡು ಉಪಯೋಗ ಇಲ್ಲ.

ವೈರ್ ಇರುವ ಇಯರ್‌ಫೋನನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಾನು ಒಂದು ಜೊತೆ ಯಾವಾಗಲೂ ಇಟ್ಟಿರುತ್ತೇನೆ. ಚಾರ್ಜ್ ಬೇಡ, ಜೋಡಿಸುವ ರಗಳೆ ಇಲ್ಲ, ಆಟ ಆಡುವಾಗ ಸದ್ದು ತಡವಾಗಿ ಬರುವ ಕಾಟ ಇಲ್ಲ. ಬ್ಲೂಟೂತಿನಲ್ಲಿ ಈ ತಡ ಇದ್ದೇ ಇರುತ್ತದೆ. ವಿಡಿಯೋ ಆ್ಯಪ್‌ಗಳು ಚಿತ್ರವನ್ನೂ ಅಷ್ಟೇ ತಡ ಮಾಡಿ ಸರಿದೂಗಿಸಿಬಿಡುತ್ತವೆ. ಆಟದಲ್ಲಿ ಆ ಉಪಾಯ ನಡೆಯುವುದಿಲ್ಲ, ನೀವು ಗುಂಡು ಹೊಡೆದ ಮೇಲೆ ಸದ್ದು ಬರುತ್ತದೆ. ವಿಮಾನದ ಸೀಟಿನ ಪರದೆಗಳಲ್ಲೂ ಬಹುತೇಕ ಕಡೆ ಇನ್ನೂ 3.5 ಮಿಲಿಮೀಟರ್ ತೂತೇ ಇರುವುದು. 2016ರಲ್ಲಿ ಐಫೋನ್ 7 ಆ ತೂತನ್ನು ಕಿತ್ತುಹಾಕಿದ ಮೇಲೆ ಎಲ್ಲರೂ ಸಾಲುಗಟ್ಟಿ ಕಿತ್ತರು, ವಿಮಾನದವರು ಕೀಳಲಿಲ್ಲ!

ಓದು ಮತ್ತು ಆಟ

ಓದುವವರಿಗೆ ನನ್ನ ಉತ್ತರ ಚಿಕ್ಕದು. ಇ-ರೀಡರ್, ಅಂದರೆ ಪುಸ್ತಕ ಓದೋಕೆಂದೇ ಮಾಡಿದ ಯಂತ್ರ, ತಗೊಳ್ಳಿ. 2007ರಲ್ಲಿ ಕಿಂಡಲ್ ಬಂದಾಗಿಂದ ಇವತ್ತಿನ ತನಕ ಈ ಜಾತಿಯ ಯಂತ್ರಗಳು ದೊಡ್ಡದಾಗಿ ಬದಲಾಗಿಲ್ಲ, ಬದಲಾಗುವ ಅಗತ್ಯವೂ ಇರಲಿಲ್ಲ. ಇವುಗಳ ಇ-ಇಂಕ್ ಪರದೆಗೆ ಪುಟ ತಿರುಗಿಸುವಾಗ ಮಾತ್ರ ಕರೆಂಟು ಬೇಕು, ದೀಪ ಹಾಕಿದರೆ ಅದಕ್ಕೆ ಸ್ವಲ್ಪ. ಹಾಗಾಗಿ ಚಾರ್ಜ್ ವಾರಗಟ್ಟಲೆ ಬರುತ್ತದೆ. ಬಿಸಿಲಿನಲ್ಲಿ ಕಾಗದದಂತೆ ಕಾಣುತ್ತದೆ, ನೆಟ್‌ವರ್ಕ್ ಕೇಳುವುದಿಲ್ಲ. ಒಂದು ಕಷ್ಟ ಮಾತ್ರ ಇದೆ. ಎ4 ಪುಟದ ಪಿಡಿಎಫ್ ಓದೋಕೆ 6 ಇಂಚಿನ ಪರದೆ ಸಾಲುವುದೇ ಇಲ್ಲ. ಅಕ್ಷರ ಇರುವೆ ಸಾಲಿನಂತೆ ಕಾಣುತ್ತದೆ. ನಿಮ್ಮ ಓದು ಹೆಚ್ಚಾಗಿ ಪಿಡಿಎಫ್ ಆಗಿದ್ದರೆ ಟ್ಯಾಬೇ ಸರಿ, ಅದರಲ್ಲೂ ಮೇಲೆ ಹೇಳಿದ 4:3 ಆಕಾರದ್ದು.

ಆಟದ ವಿಷಯದಲ್ಲಿ ನನಗೆ ಇನ್ನೂ ಎರಡು ಮನಸ್ಸು. ಕೈಯಲ್ಲಿ ಹಿಡಿದು ಆಡುವ ಯಂತ್ರಗಳಲ್ಲಿ ನಿಂಟೆಂಡೋ ಸ್ವಿಚ್ ಬಂದಿದ್ದು 2017ರಲ್ಲಿ, ಸ್ಟೀಮ್ ಡೆಕ್ 2022ರಲ್ಲಿ. ಡೆಕ್ ಅಂದರೆ ಪಿಸಿ ಆಟಗಳನ್ನೇ ಕೈಯಲ್ಲಿ ಹಿಡಿದು ಆಡುವ ಯಂತ್ರ, ಹಳೆಯ ಆಟಗಳ ರಾಶಿ ಇರುವವರಿಗೆ ಹಬ್ಬ. ಆದರೆ ಮೊದಲ ಮಾಡೆಲ್ 669 ಗ್ರಾಂ ತೂಗುತ್ತದೆ, ಅದರ ಬ್ಯಾಟರಿ 40 ವ್ಯಾಟ್ ಅವರ್ (ಒಳಗೆ ಹಿಡಿಸುವ ಒಟ್ಟು ವಿದ್ಯುತ್ತಿನ ಅಳತೆ ಇದು), ಕಂಪನಿಯೇ ಹೇಳುವಂತೆ ಆಟ ನೋಡಿಕೊಂಡು 2ರಿಂದ 8 ಗಂಟೆ. ದೊಡ್ಡ ಆಟ ಹಾಕಿದರೆ ಆ 2 ಗಂಟೆಯೇ ನಿಜ. ಸ್ವಿಚ್ ಕಂಟ್ರೋಲರ್ ಸೇರಿ 400 ಗ್ರಾಂ ಒಳಗೆ, 2019ರಲ್ಲಿ ಬಂದ ಪರಿಷ್ಕೃತ ಮಾಡೆಲ್ ನಾಲ್ಕೂವರೆಯಿಂದ 9 ಗಂಟೆ ಓಡುತ್ತದೆ. ದಾರಿಯಲ್ಲಿ ಆಡೋಕೆ ಸ್ವಿಚ್, ತಲುಪಿದ ಮೇಲೆ ರೂಮಿನಲ್ಲಿ ಆಡೋಕೆ ಡೆಕ್ ಅನ್ನುವುದು ನನ್ನ ಅನುಭವ. ಎರಡನ್ನೂ ಹೊತ್ತಿದ್ದೇನೆ, ಒಂದೇ ಸಲ. ಯಾರಿಗೂ ಹೇಳಬೇಡಿ.

ಕರೆಂಟಿನ ಲೆಕ್ಕ

ಜನ ಜಾಸ್ತಿ ಮೋಸಹೋಗುವುದು ಪವರ್ ಬ್ಯಾಂಕಿನಲ್ಲಿ. 10,000 ಎಂಎಎಚ್ (ಮಿಲಿಆಂಪ್ ಅವರ್) ಅಂತ ಬರೆದಿರುತ್ತದೆ, ಫೋನು 5,000 ಎಂಎಎಚ್, ಹಾಗಾದರೆ ಎರಡು ಸಲ ಪೂರ್ತಿ ಚಾರ್ಜ್ ಆಗಬೇಕು ಅಲ್ವಾ? ಆಗುವುದಿಲ್ಲ. ಆ 10,000 ಅನ್ನುವುದು ಒಳಗಿನ ಸೆಲ್ಲಿನ 3.7 ವೋಲ್ಟ್ ಲೆಕ್ಕ, ಅಂದರೆ 37 ವ್ಯಾಟ್ ಅವರ್. ಅದನ್ನು 5 ವೋಲ್ಟಿಗೋ 9 ವೋಲ್ಟಿಗೋ ಏರಿಸಿ ಫೋನಿಗೆ ಕಳಿಸಬೇಕು, ಅಲ್ಲಿ ಬಿಸಿಯಾಗಿ ಒಂದಿಷ್ಟು ಹೋಗುತ್ತದೆ, ಫೋನಿನೊಳಗೆ ಇನ್ನೊಂದಿಷ್ಟು ಹೋಗುತ್ತದೆ. 5,000 ಎಂಎಎಚ್ ಫೋನಿಗೆ ಬೇಕಾದ್ದು ಸುಮಾರು 19 ವ್ಯಾಟ್ ಅವರ್. ಕೊನೆಗೆ ಕೈಗೆ ಸಿಗುವುದು ಹೆಚ್ಚುಕಡಿಮೆ ಒಂದೂವರೆ ಸಲದ ಚಾರ್ಜ್. ವೈರ್‌ಲೆಸ್ ಆಗಿ ಚಾರ್ಜ್ ಮಾಡಿದರೆ ಅದೂ ಇಲ್ಲ.

10,000ವಾ, 20,000ವಾ? ಒಂದು ದಿನದ ತಿರುಗಾಟ, ಒಂದೇ ಫೋನ್, ಹಾಗಿದ್ದರೆ 10,000 ಸಾಕು, ಜೇಬಿನಲ್ಲೂ ಹಿಡಿಸುತ್ತದೆ. ಟ್ಯಾಬೋ ಆಟದ ಯಂತ್ರವೋ ಜೊತೆಗಿದ್ದರೆ 20,000 ಬೇಕು, ಮತ್ತು ಅದು 45 ವ್ಯಾಟ್ ಆದರೂ ಕೊಡಬೇಕು. ಇದನ್ನು ಮರೆತು ಬರೀ ಎಂಎಎಚ್ ನೋಡಿ ಕೊಂಡರೆ ಡೆಕ್ ಆಡುತ್ತಾ ಇದ್ದ ಹಾಗೇ ಚಾರ್ಜಿಗೆ ಹಾಕಿದ್ದರೂ ಪರ್ಸೆಂಟ್ ಇಳಿಯುತ್ತಲೇ ಇರುತ್ತದೆ. ಅದಕ್ಕಿಂತ ದೊಡ್ಡದು ಬೇಕಾ? ವಿಮಾನ ಹತ್ತುವವರಾದರೆ ಬೇಡ. ಸಾಮಾನ್ಯ ನಿಯಮ 100 ವ್ಯಾಟ್ ಅವರ್ ತನಕ ಕೈಚೀಲದಲ್ಲಿ ಒಯ್ಯಬಹುದು, 100ರಿಂದ 160ರ ತನಕ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಚೆಕ್-ಇನ್ ಲಗೇಜಿನಲ್ಲಿ ಎಷ್ಟು ಚಿಕ್ಕದಾದರೂ ಹಾಕುವಂತಿಲ್ಲ. 20,000 ಎಂಎಎಚ್ ಅಂದರೆ 74 ವ್ಯಾಟ್ ಅವರ್, 27,000 ಅಂದರೆ ಹೆಚ್ಚುಕಡಿಮೆ 100. ಮಾರುಕಟ್ಟೆಯಲ್ಲಿ 27,000ದ ಹತ್ತಿರ ನಿಂತುಬಿಡುವ ಪವರ್ ಬ್ಯಾಂಕುಗಳು ಯಾಕೆ ಅಷ್ಟೊಂದು ಅಂತ ಈಗ ಗೊತ್ತಾಯಿತಲ್ಲ. 2025ರಿಂದ ಕೆಲವು ವಿಮಾನ ಸಂಸ್ಥೆಗಳು ಹಾರಾಟದ ಹೊತ್ತಿನಲ್ಲಿ ಪವರ್ ಬ್ಯಾಂಕ್ ಬಳಸುವುದನ್ನೇ ನಿಲ್ಲಿಸಿವೆ. ಹೊರಡುವ ಮುಂಚೆ ನಿಮ್ಮ ಸಂಸ್ಥೆಯ ನಿಯಮ ನೋಡಿಕೊಳ್ಳಿ. ಬಳಸಬಾರದು ಅನ್ನುವ ನಿಯಮ ಇರುವಲ್ಲಿ ಎಲ್ಲವನ್ನೂ ಹತ್ತುವ ಮುಂಚೆಯೇ ಪೂರ್ತಿ ಚಾರ್ಜ್ ಮಾಡಿರಬೇಕು.

ನನ್ನ ಒಂದು ಪವರ್ ಬ್ಯಾಂಕ್ ತಪಾಸಣೆಯಲ್ಲೇ ಉಳಿದುಹೋಯಿತು. ದೊಡ್ಡದೇನಲ್ಲ, 20,000ದ್ದೇ. ಜೇಬಿನಲ್ಲಿ ಕೀಲಿಗೊಂಚಲಿನ ಜೊತೆ ತಿಕ್ಕಿ ತಿಕ್ಕಿ ಅದರ ಮೇಲಿನ ಅಕ್ಷರ ಅಳಿಸಿತ್ತು. ಎಷ್ಟು ವ್ಯಾಟ್ ಅವರ್ ಅಂತ ತೋರಿಸಿ ಅಂದರು, ತೋರಿಸೋಕೆ ಏನೂ ಇರಲಿಲ್ಲ. ಅವತ್ತಿನಿಂದ ಆ ಅಕ್ಷರದ ಮೇಲೆ ಪಾರದರ್ಶಕ ಟೇಪ್ ಅಂಟಿಸುತ್ತೇನೆ.

ಚಾರ್ಜರ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಪ್ರತಿ ವಸ್ತುವಿಗೂ ಒಂದೊಂದು ಒಯ್ಯುವ ಬದಲು ಎರಡು ಮೂರು ಟೈಪ್-ಸಿ ತೂತಿರುವ 65 ವ್ಯಾಟ್‌ನ ಒಂದು ಗ್ಯಾನ್ (ಗಾತ್ರ ಚಿಕ್ಕದಿರುವ ಹೊಸ ಜಾತಿಯ) ಚಾರ್ಜರ್ ಸಾಕು. ಆದರೆ ಎರಡು ವಸ್ತು ಚುಚ್ಚಿದರೆ ಆ 65 ಹಂಚಿಹೋಗುತ್ತದೆ. ಹೇಗೆ ಹಂಚುತ್ತದೆ ಅಂತ ಡಬ್ಬಿಯ ಮೇಲೆ ಚಿಕ್ಕ ಅಕ್ಷರದಲ್ಲಿ ಇರುತ್ತದೆ, ಓದಿ. ಕೇಬಲ್ಲುಗಳೂ ಕಣ್ಣಿಗೆ ಒಂದೇ ಥರ ಕಂಡರೂ ಒಂದೇ ಅಲ್ಲ, ಸಾಮಾನ್ಯ ಟೈಪ್-ಸಿ ಕೇಬಲ್ 60 ವ್ಯಾಟ್‌ಗೆ ನಿಲ್ಲುತ್ತದೆ, ಅದಕ್ಕೂ ಜಾಸ್ತಿ ಬೇಕಿದ್ದರೆ ಒಳಗೆ ಚಿಪ್ ಇರುವ ಕೇಬಲ್ ಬೇಕು. ಲ್ಯಾಪ್‌ಟಾಪ್ ಇಲ್ಲದವರಿಗೆ ಇದರ ತಲೆನೋವು ಬೇಡ.

ಸಿಮ್ಮು, ಮ್ಯಾಪು, ಕ್ಯಾಮೆರಾ

ಇ-ಸಿಮ್, ಅಂದರೆ ಪ್ಲಾಸ್ಟಿಕ್ ತುಂಡಿಲ್ಲದೆ ಫೋನಿಗೇ ಇಳಿಸಿಕೊಳ್ಳುವ ಸಿಮ್, ಅನುಕೂಲ ಹೌದು. ಮನೆಯಲ್ಲೇ ಕೂತು ಹಾಕಿಕೊಳ್ಳಬಹುದು, ಅಂಗಡಿ ಹುಡುಕಬೇಕಿಲ್ಲ, ಹಳೆಯ ನಂಬರೂ ಜೊತೆಗೇ ಇರುತ್ತದೆ. ಆದರೆ ಅದನ್ನು ಇಳಿಸಿಕೊಳ್ಳೋಕೆ ಇಂಟರ್‌ನೆಟ್ ಬೇಕು! ಪರಸ್ಥಳದಲ್ಲಿ ಇಳಿದ ಮೇಲೆ ಮಾಡಿದರಾಯಿತು ಅಂತ ಬಿಟ್ಟರೆ ವೈಫೈ ಬೇಡುತ್ತಾ ನಿಲ್ಲಬೇಕಾಗುತ್ತದೆ. ಫೋನ್ ಒಡೆದುಹೋದರೆ ಪ್ಲಾಸ್ಟಿಕ್ ಸಿಮ್ಮನ್ನು ಕಿತ್ತು ಇನ್ನೊಂದಕ್ಕೆ ಹಾಕಿದರೆ ಮುಗಿಯಿತು, ಇ-ಸಿಮ್ಮಿನಲ್ಲಿ ಅಷ್ಟು ಸುಲಭ ಇಲ್ಲ. ಬ್ಯಾಂಕಿನ ಓಟಿಪಿ ಬರುವ ಮುಖ್ಯ ನಂಬರು ಪ್ಲಾಸ್ಟಿಕ್ಕಿನಲ್ಲಿ, ಪ್ರಯಾಣದ ಡೇಟಾ ಇ-ಸಿಮ್ಮಿನಲ್ಲಿ. ನಾನು ಮಾಡೋದು ಹೀಗೆ.

ಮ್ಯಾಪಿಗೆ ನೆಟ್ ಬೇಕೇ ಬೇಕು ಅಂತ ಇನ್ನೂ ಎಷ್ಟೋ ಜನ ನಂಬಿದ್ದಾರೆ. ಜಿಪಿಎಸ್ ಉಪಗ್ರಹದಿಂದ ಬರುವ ಸಂಕೇತ, ಅದಕ್ಕೆ ಡೇಟಾ ಬೇಕಿಲ್ಲ. ಡೇಟಾ ಬೇಕಿರುವುದು ಚಿತ್ರಕ್ಕೆ. ಗೂಗಲ್ ಮ್ಯಾಪ್ಸ್‌ನಲ್ಲಿ ಬೇಕಾದ ಪ್ರದೇಶ ಇಳಿಸಿಡಬಹುದು, ಕಾರಿನ ದಾರಿಗೆ ಅದು ಸಾಕು. ಕಾಲುದಾರಿ, ಬೆಟ್ಟ, ಚಾರಣ ಅಂದರೆ ಜನರೇ ಸೇರಿ ಕಟ್ಟಿದ ಓಪನ್‌ಸ್ಟ್ರೀಟ್‌ಮ್ಯಾಪ್ ಡೇಟಾ ಬಳಸುವ ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಆಸ್ಮ್ಯಾಂಡ್ ಎಷ್ಟೋ ವಾಸಿ.

ಕ್ಯಾಮೆರಾ ಬೇರೆ ಒಯ್ಯಬೇಕಾ? ದೂರದ ಹಕ್ಕಿ, ಪ್ರಾಣಿ, ಕತ್ತಲೆಯ ವೇದಿಕೆ ಇಂಥವನ್ನು ತೆಗೆಯುವವರಾದರೆ ಹೌದು. ಲೆನ್ಸ್ ಬದಲಿಸುವ ಎಷ್ಟೋ ಕ್ಯಾಮೆರಾಗಳಲ್ಲಿರುವ ಎಪಿಎಸ್-ಸಿ ಸೆನ್ಸರ್ (ಬೆಳಕು ಹಿಡಿಯುವ ಚಿಪ್), ಒಂದಿಂಚು ಅಂತ ಕರೆಯುವ ಸೆನ್ಸರಿಗಿಂತ ವಿಸ್ತೀರ್ಣದಲ್ಲಿ ಸುಮಾರು ಮೂರು ಪಟ್ಟು ದೊಡ್ಡದು, ಆ ಒಂದಿಂಚು ಬಹುತೇಕ ಫೋನುಗಳ ಸೆನ್ಸರಿಗಿಂತ ದೊಡ್ಡದು. (ಒಂದಿಂಚು ಅನ್ನುವುದೂ ಸುಳ್ಳು, ಅದರ ಅಗಲ 13.2 ಮಿಲಿಮೀಟರ್ ಅಷ್ಟೇ. ಹಳೆಯ ಟಿವಿ ಕ್ಯಾಮೆರಾಗಳ ಗಾಜಿನ ಟ್ಯೂಬಿನ ಅಳತೆಯಿಂದ ಬಂದ ಹೆಸರು ಅದು.) ಊಟ, ಮುಖ, ಸೂರ್ಯಾಸ್ತ ಅಷ್ಟೇ ತೆಗೆಯೋದು ಅಂದರೆ ಫೋನ್ ಸಾಕು, ನಿಜವಾಗಲೂ ಸಾಕು.

ಇಷ್ಟೆಲ್ಲಾ ಆರಿಸಿ ಆದ ಮೇಲೆ ಹೊರಡುವ ಹಿಂದಿನ ರಾತ್ರಿ ನಾನು ಒಂದು ಪರೀಕ್ಷೆ ಮಾಡುತ್ತೇನೆ. ಎಲ್ಲದರಲ್ಲೂ ಏರ್‌ಪ್ಲೇನ್ ಮೋಡ್ ಹಾಕಿ, ವೈಫೈ ಆಫ್ ಮಾಡಿ, ಸೋಫಾದ ಮೇಲೆ ಕೂತು ಒಂದೊಂದಾಗಿ ತೆರೆಯೋದು. ಟಿಕೆಟ್ ಕಾಣುತ್ತದಾ, ಮ್ಯಾಪ್ ತೆರೆಯುತ್ತದಾ, ಹಾಡು ಬರುತ್ತದಾ, ಆಟ ಲಾಗಿನ್ ಕೇಳುತ್ತದಾ. 48 ಗಂಟೆಯ ಗಡುವಿನ ಸಿನಿಮಾಗಳಿಗೆ ಮಾತ್ರ ಕೈ ಹಾಕುವುದಿಲ್ಲ. ಹೋದ ಸಲ ಇಳಿಸಿಟ್ಟ ಐದು ಸಿನಿಮಾಗಳಲ್ಲಿ ಒಂದರ ಅವಧಿ ಮುಗಿದಿತ್ತು, ಇನ್ನೊಂದು ಅರ್ಧಕ್ಕೇ ಇಳಿದು ನಿಂತಿತ್ತು, ಸಂಗೀತದ ಆ್ಯಪ್ ಅಂತೂ ಮತ್ತೆ ಲಾಗಿನ್ ಆಗಿ ಅಂತ ಕೂತಿತ್ತು. ರಾತ್ರಿ ಹನ್ನೊಂದಕ್ಕೆ ಎಲ್ಲಾ ಮತ್ತೆ ಇಳಿಸೋಕೆ ಹಚ್ಚಿ ಮಲಗಿದೆ.